ಚಲನ ವಿಶ್ಲೇಷಣೆಯ ವೃತ್ತಿಪರ ತರಬೇತಿಗೆ ಸಿದ್ಧರಾಗುವುದು ಹೇಗೆ?

ನೃತ್ಯ, ರಂಗಭೂಮಿ, ಯೋಗ ಅಥವಾ ಫಿಸಿಯೋಥೆರಪಿಯಲ್ಲಿ ಕೆಲವು ವರ್ಷ ದುಡಿದವರು ಚಲನ ವಿಶ್ಲೇಷಣೆ ಮತ್ತು ಸೊಮ್ಯಾಟಿಕ್ ಶಿಕ್ಷಣದ (ದೇಹವನ್ನು ಒಳಗಿನಿಂದ ಅನುಭವಿಸಿ ಕಲಿಯುವ ವಿಧಾನಗಳ) ಕಡೆಗೆ ತಿರುಗಿದಾಗ ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಶುಲ್ಕವನ್ನು ಮತ್ತು ಪ್ರಮಾಣಪತ್ರದ ಮಾನ್ಯತೆಯನ್ನು. ಅದಕ್ಕೂ ಮುಂಚೆ ತೀರ್ಮಾನವಾಗಬೇಕಾದ ಪ್ರಶ್ನೆ ಬೇರೆಯಿದೆ. ನಿಮಗೆ ಬೇಕಿರುವುದು ಇನ್ನೊಬ್ಬರ ಚಲನೆಯನ್ನು ನೋಡಿ ನಿಖರವಾಗಿ ವಿವರಿಸುವ ಶಕ್ತಿಯೇ, ಅಥವಾ ಸ್ಪರ್ಶದಿಂದಲೂ ಮಾತಿನಿಂದಲೂ ಅವರ ಚಲನೆಯ ಅಭ್ಯಾಸವನ್ನು ಬದಲಿಸಲು ನೆರವಾಗುವ ಶಕ್ತಿಯೇ?

ಎರಡನೆಯದು ಮುಖ್ಯವೆನಿಸಿದರೆ ಅಲೆಕ್ಸಾಂಡರ್ ಅಥವಾ ಫೆಲ್ಡನ್‌ಕ್ರೈಸ್ ಪದ್ಧತಿಯನ್ನು ಪರಿಶೀಲಿಸಬಹುದು. ಟಾಸ್ಮೇನಿಯಾದಲ್ಲಿ ಹುಟ್ಟಿದ ಎಫ್. ಎಂ. ಅಲೆಕ್ಸಾಂಡರ್ ವೇದಿಕೆಯಲ್ಲಿ ದನಿ ಕಟ್ಟಿಹೋಗುತ್ತಿದ್ದ ಕಾರಣವನ್ನು ಕನ್ನಡಿಯ ಮುಂದೆ ನಿಂತು ಹುಡುಕುತ್ತಾ ತಮ್ಮ ವಿಧಾನವನ್ನು ರೂಪಿಸಿದರು. ಅದರ ಶಿಕ್ಷಕ ತರಬೇತಿಗೆ ಸಾಮಾನ್ಯವಾಗಿ 3 ವರ್ಷಗಳಲ್ಲಿ 1600 ಗಂಟೆಗಳ ಕಲಿಕೆ ಬೇಕು. ಭೌತವಿಜ್ಞಾನಿಯೂ ಜೂಡೋ ಪಟುವೂ ಆಗಿದ್ದ ಮೋಶೆ ಫೆಲ್ಡನ್‌ಕ್ರೈಸ್ ತಮ್ಮ ಮೊಣಕಾಲಿನ ಗಾಯದಿಂದ ಆರಂಭಿಸಿ ಕಟ್ಟಿದ ಪದ್ಧತಿಯ ತರಬೇತಿ ಸುಮಾರು 800 ಗಂಟೆಗಳದ್ದು, ಮೂರು ನಾಲ್ಕು ವರ್ಷಗಳಿಗೆ ಹರಡಿಕೊಂಡಿರುತ್ತದೆ. ನೋಡುವ ಮತ್ತು ವಿವರಿಸುವ ವಿದ್ಯೆಯೇ ಬೇಕೆನ್ನುವವರಿಗೆ ಲಾಬಾನ್–ಬಾರ್ಟೆನಿಯಫ್ ಪರಂಪರೆ ಸೂಕ್ತ. ಈ ಬರಹ ಮುಂದೆ ಅದನ್ನೇ ಕುರಿತದ್ದು.

1879ರಲ್ಲಿ ಇಂದಿನ ಬ್ರಾಟಿಸ್ಲಾವಾದಲ್ಲಿ ಜನಿಸಿದ ರುಡಾಲ್ಫ್ ಲಾಬಾನ್ 1928ರಲ್ಲಿ, ಚಲನೆಯನ್ನು ಚಿಹ್ನೆಗಳಲ್ಲಿ ಬರೆದಿಡುವ ತಮ್ಮ ಚಲನ ಲಿಪಿಯನ್ನು ಪ್ರಕಟಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿದ್ದಾಗ ಅವರು ಎಫ್. ಸಿ. ಲಾರೆನ್ಸ್ ಎಂಬ ಸಲಹೆಗಾರರೊಡನೆ ಸೇರಿ ಕಾರ್ಖಾನೆಯ ಕೆಲಸಗಾರರ ಚಲನೆಯನ್ನು ಅಧ್ಯಯನ ಮಾಡಿದರು. ಲಾಬಾನರ ಶಿಷ್ಯೆ ಇರ್ಮ್‌ಗಾರ್ಡ್ ಬಾರ್ಟೆನಿಯಫ್ 1930ರ ದಶಕದಲ್ಲಿ ಜರ್ಮನಿಯನ್ನು ತೊರೆದು ಅಮೆರಿಕಕ್ಕೆ ಹೋದರು, ಅಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಪೋಲಿಯೊ ರೋಗಿಗಳ ನಡುವೆ ದುಡಿದರು ಮತ್ತು 1978ರಲ್ಲಿ ನ್ಯೂಯಾರ್ಕಿನಲ್ಲಿ ಲಾಬಾನ್ ಹೆಸರಿನ ಸಂಸ್ಥೆಯನ್ನು ಸ್ಥಾಪಿಸಿದರು. ಈ ವಿದ್ಯೆ ವೇದಿಕೆಯಷ್ಟೇ ಕಾರ್ಖಾನೆ ಮತ್ತು ಆಸ್ಪತ್ರೆಯಲ್ಲೂ ಬೆಳೆದದ್ದರಿಂದ ಸಿದ್ಧತೆಯನ್ನು ನೃತ್ಯದಿಂದಲೇ ಆರಂಭಿಸಬೇಕಾಗಿಲ್ಲ, ಅಡುಗೆಮನೆಯಿಂದಲೂ ಆರಂಭಿಸಬಹುದು.

ಮನೆಯಲ್ಲಿ ರಾಗಿ ಮುದ್ದೆ ತಿರುವುವವರನ್ನು, ಅವರ ಒಪ್ಪಿಗೆ ಪಡೆದು, ಗಮನಿಸಿರಿ. ಮೊದಲ ಬಾರಿ ಏನನ್ನೂ ಬರೆಯದೆ ಬರಿದೇ ನೋಡಿರಿ. ಎರಡನೆಯ ಬಾರಿ ದೇಹವನ್ನಷ್ಟೇ ಬರೆಯಿರಿ: ಪಾದಗಳು ಎಷ್ಟು ಅಗಲವಾಗಿವೆ, ಮೊಣಕಾಲು ಬಾಗಿದೆಯೇ, ಕೋಲಿನ ಮೇಲಿನ ಒತ್ತಡ ಭುಜದಿಂದ ಹೊರಟಿದೆಯೇ ಅಥವಾ ಸೊಂಟದಿಂದಲೇ ಹರಿದು ಬರುತ್ತಿದೆಯೇ. ಅನಂತರ ಲಾಬಾನ್ ‘ಎಫರ್ಟ್’ ಎಂದು ಕರೆದ ನಾಲ್ಕು ಅಂಶಗಳಿಗೆ ಬನ್ನಿ. ಭಾರ ಬಲವಾಗಿದೆಯೇ ಹಗುರವಾಗಿದೆಯೇ, ಗಮನ ಒಂದೇ ಬಿಂದುವಿನತ್ತ ನೇರವಾಗಿದೆಯೇ ಸುತ್ತಲೂ ಹರಡಿದೆಯೇ, ಕಾಲ ದಿಢೀರನೆಯದೇ ನಿಧಾನವಾಗಿ ಎಳೆದದ್ದೇ, ಹರಿವು ಬಿಗಿಹಿಡಿದದ್ದೇ ಸಡಿಲವೇ ಎಂಬುದು ಅಲ್ಲಿನ ಪ್ರಶ್ನೆ. ಗಂಟುಗಳನ್ನು ಪಾತ್ರೆಯ ಬದಿಗೆ ಒತ್ತಿ ಮುರಿಯುವಾಗ ಭಾರ ಬಲವಾಗಿರುತ್ತದೆ, ಹರಿವು ಬಿಗಿಯಾಗಿರುತ್ತದೆ. ಬೆಂದಿದೆಯೇ ಎಂದು ಒದ್ದೆ ಬೆರಳಿನಿಂದ ಮುಟ್ಟಿ ನೋಡುವ ಕ್ಷಣದಲ್ಲಿ ಅದೇ ಕೈ ಹಗುರವೂ ಚುರುಕೂ ಆಗಿಬಿಡುತ್ತದೆ. ಈ ಬದಲಾವಣೆ ಎಲ್ಲಿ ಆಗುತ್ತದೆ ಎಂಬುದನ್ನು ಗುರುತಿಸುವುದೇ ವಿಶ್ಲೇಷಕರ ಕೆಲಸದ ತಿರುಳು. ಹಾಗೆಯೇ ದುಡಿಮೆಯ ನಡುವೆ ದೇಹ ತಾನೇ ಹುಡುಕಿಕೊಳ್ಳುವ ಬಿಡುವನ್ನೂ ಹುಡುಕಿರಿ. ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುವುದು ಕೂಡ ವಿಶ್ರಾಂತಿಯೇ. ಶ್ರಮ ಮತ್ತು ಚೇತರಿಕೆಯ ಈ ಜೋಡಿಗೆ ಬಾರ್ಟೆನಿಯಫ್ ಪರಂಪರೆಯಲ್ಲಿ ದೊಡ್ಡ ಸ್ಥಾನವಿದೆ.

ಆಮೇಲೆ ನೀವು ಬರೆದದ್ದನ್ನು ಓದಿ, “ದಣಿದಿದ್ದಾರೆ”, “ಕೋಪದಲ್ಲಿದ್ದಾರೆ”, “ನುರಿತವರು” ಎಂಬಂಥ ಮಾತುಗಳಿಗೆಲ್ಲ ಅಡಿಗೆರೆ ಎಳೆಯಿರಿ. ಅವು ಕಂಡದ್ದಲ್ಲ, ಊಹಿಸಿದ್ದು. ಊಹೆ ತಪ್ಪೆಂದೇನೂ ಅಲ್ಲ, ಆದರೆ ಅದು ಯಾವ ಕಂಡ ಸಂಗತಿಯ ಮೇಲೆ ನಿಂತಿದೆ ಎಂದು ತೋರಿಸಲಾಗದಿದ್ದರೆ ಹೊಡೆದುಹಾಕಬೇಕು. ಕೊನೆಯಲ್ಲಿ ಆ ಚಲನೆಯನ್ನು ನಿಮ್ಮ ದೇಹದಲ್ಲಿಯೇ ಮಾಡಿ ನೋಡಿರಿ. ಕಣ್ಣಿಗೆ ತಪ್ಪಿಸಿಕೊಂಡ ಎಷ್ಟೋ ವಿವರ ಆಗ ತಿಳಿಯುತ್ತದೆ. ಈ ಅಭ್ಯಾಸ ಕೈಗೆ ಹತ್ತದೆ ತರಬೇತಿಗೆ ಸೇರಿದವರು ಪಾರಿಭಾಷಿಕ ಪದಗಳನ್ನು ಬಾಯಿಪಾಠ ಮಾಡುವುದರಲ್ಲೇ ಮೊದಲ ಭಾಗವನ್ನು ಕಳೆದುಬಿಡುತ್ತಾರೆ ಎಂಬುದು ನನ್ನ ಅಭಿಪ್ರಾಯ.

ಸ್ವಂತ ದೇಹದ ಸಿದ್ಧತೆಯೂ ಅಷ್ಟೇ ಅಗತ್ಯ. ಬಾರ್ಟೆನಿಯಫ್ ಅವರ ಆರು ಮೂಲ ಅಭ್ಯಾಸಗಳು ನೆಲದ ಮೇಲೆ ಮಲಗಿ ಮಾಡುವಂಥವು: ತೊಡೆ ಎತ್ತುವುದು, ಸೊಂಟವನ್ನು ಮುಂದಕ್ಕೆ ಮತ್ತು ಪಕ್ಕಕ್ಕೆ ಸರಿಸುವುದು, ದೇಹದ ಒಂದು ಪಾರ್ಶ್ವವನ್ನು ಒಟ್ಟಾಗಿ ಚಲಿಸುವುದು, ಮೊಣಕಾಲನ್ನು ಕರ್ಣರೇಖೆಯಲ್ಲಿ ಚಾಚುವುದು, ತೋಳನ್ನು ಸುತ್ತಿಸುವುದು. ನೋಡಲು ಇವು ತೀರ ಸರಳ. ವಿಚಿತ್ರವೆಂದರೆ ಹೆಚ್ಚು ತೊಡಕಾಗುವುದು ಪಳಗಿದ ನರ್ತಕರಿಗೇ. ವರ್ಷಗಟ್ಟಲೆ ಅರೆಮಂಡಿಯಲ್ಲಿ (ಭರತನಾಟ್ಯದ ಮಂಡಿ ಬಾಗಿಸಿದ ನಿಲುವಿನಲ್ಲಿ) ಬೆಳೆದ ದೇಹ ಚಲನೆ ಎಲ್ಲಿಂದ ಹುಟ್ಟಿತೆಂದು ಕೇಳಿಸಿಕೊಳ್ಳುವ ಮೊದಲೇ ಅದರ ಕೊನೆಯ ಆಕಾರವನ್ನು ತಲುಪಿಬಿಟ್ಟಿರುತ್ತದೆ. ಅಂಥವರು ಉಸಿರನ್ನು ಅನುಸರಿಸಿ, ಅರ್ಧ ಪ್ರಮಾಣದಲ್ಲಿ, ಅತಿ ನಿಧಾನವಾಗಿ ಮಾಡುವುದು ಒಳ್ಳೆಯದು. ನಾಟ್ಯಶಾಸ್ತ್ರದ 108 ಕರಣಗಳನ್ನು (ಕೈಕಾಲುಗಳು ಕೂಡಿದ ನೃತ್ಯ ಚಲನೆಗಳನ್ನು) ಲಾಬಾನರ ಚೌಕಟ್ಟಿನೊಂದಿಗೆ ಹೋಲಿಸುವ ಆಸೆಯೂ ನಮ್ಮವರಿಗೆ ಬೇಗ ಹುಟ್ಟುತ್ತದೆ. ಎರಡರಲ್ಲೊಂದು ಪೂರ್ತಿ ಕೈವಶವಾಗುವವರೆಗೆ ಅದನ್ನು ಮುಂದೂಡಿರಿ.

ಸಂಸ್ಥೆಯನ್ನು ಆರಿಸುವಾಗ ಒಟ್ಟು ಗಂಟೆಗಳೆಷ್ಟು, ಅವುಗಳಲ್ಲಿ ಮುಖಾಮುಖಿ ಎಷ್ಟು, ನಿಮ್ಮ ವೀಕ್ಷಣಾ ಬರಹವನ್ನು ಓದಿ ತಿದ್ದುವವರು ಯಾರು ಎಂದು ಲಿಖಿತವಾಗಿ ಕೇಳಿರಿ. ಸೊಮ್ಯಾಟಿಕ್ ಶಿಕ್ಷಕರ ಅಂತರರಾಷ್ಟ್ರೀಯ ಸಂಘವಾದ ಇಸ್ಮೆಟಾ ಕನಿಷ್ಠ 500 ಗಂಟೆಗಳ ತರಬೇತಿಯನ್ನು ಅಪೇಕ್ಷಿಸುತ್ತದೆ. ವಾರಾಂತ್ಯದ ಶಿಬಿರವೊಂದನ್ನು ವೃತ್ತಿಪರ ತರಬೇತಿಯೆಂದು ಮಾರುವವರನ್ನು ಅಳೆಯಲು ಇಷ್ಟು ಸಾಕು. ಆನ್‌ಲೈನ್ ಪಾಠಗಳು ಸಿದ್ಧಾಂತಕ್ಕೆ ಒದಗುತ್ತವೆ, ಆದರೆ ಪರದೆಯ ಮೇಲೆ ಆಳ ಚಪ್ಪಟೆಯಾಗುತ್ತದೆ, ಭಾರದ ಸೂಕ್ಷ್ಮ ಬದಲಾವಣೆ ಅಳಿಸಿಹೋಗುತ್ತದೆ. ಹೀಗಾಗಿ ವೀಕ್ಷಣೆಯ ಮತ್ತು ಸ್ಪರ್ಶದ ಭಾಗ ಒಂದೇ ಕೋಣೆಯಲ್ಲಿ ನಡೆಯುವ ಕಾರ್ಯಕ್ರಮಕ್ಕೇ ಆದ್ಯತೆ ಕೊಡಿರಿ. ವಿದೇಶದಲ್ಲಿ ಕಲಿಯುವುದಾದರೆ ಪ್ರಯಾಣ ಮತ್ತು ವಾಸದ ವೆಚ್ಚವನ್ನೂ ಶುಲ್ಕದ ಜೊತೆಗೇ ಲೆಕ್ಕ ಹಾಕಬೇಕು.

ಪ್ರಮಾಣಪತ್ರ ದೊರೆತ ಮೇಲೆ ಅದರ ಎಲ್ಲೆಯನ್ನು ತಿಳಿದಿರುವುದು ಅವಶ್ಯಕ. ಭಾರತದಲ್ಲಿ ಫಿಸಿಯೋಥೆರಪಿ 2021ರ ಸಹಾಯಕ ಮತ್ತು ಆರೋಗ್ಯಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯಿದೆಯ ವ್ಯಾಪ್ತಿಗೆ ಬರುವ ವೃತ್ತಿ; ಚಲನ ವಿಶ್ಲೇಷಕರ ಪ್ರಮಾಣಪತ್ರ ಆ ಪದವಿಗೆ ಬದಲಿಯಲ್ಲ. ಆದ್ದರಿಂದ ನಿಮ್ಮ ಫಲಕದಲ್ಲಾಗಲಿ ಕರಪತ್ರದಲ್ಲಾಗಲಿ “ಚಿಕಿತ್ಸೆ”, “ಗುಣಪಡಿಸಲಾಗುವುದು” ಎಂದು ಬರೆಯದೆ “ಚಲನ ಶಿಕ್ಷಣ” ಎಂದೇ ಬರೆಯಿರಿ, ನೋವು ಅಥವಾ ಊತ ಹೊತ್ತು ಬಂದವರನ್ನು ಮೊದಲು ವೈದ್ಯರ ಬಳಿಗೆ ಕಳುಹಿಸಿರಿ, ಮತ್ತು ಕೈಯಿಟ್ಟು ಕಲಿಸುವ ಮುನ್ನ ಪ್ರತಿ ಪಾಠದಲ್ಲೂ ಹೊಸದಾಗಿ ಅವರ ಒಪ್ಪಿಗೆ ಕೇಳಿರಿ.