ಒಂದು ಗುಂಟೆ ಮಡ್ಡಿ ಬಿಟ್ಟುಕೊಡುವುದು ಹೇಗೆ?

ಹೊಲ ಬೀಳು ಬಿಡುವುದು ಯಾರಿಗಾದರೂ ಬರುತ್ತದೆ. ಬೇಕಂತಲೇ ಬಿಟ್ಟಿದ್ದಾರೆ ಅಂತ ದಾರಿಹೋಕರಿಗೂ ಗೊತ್ತಾಗಬೇಕು, ಕೆಲಸ ಇರುವುದು ಅಲ್ಲಿ. ನಾನು ಬಸವನ ಬಾಗೇವಾಡಿ ಕಡೆ ಅಂಗಡಿ ಬೋರ್ಡು ಬರೆಯುವವನು. ಅಕ್ಷರಕ್ಕೆ ಮೊದಲು ಅಂಚು ಹೊಡೆದು ರೂಢಿ. ನಮ್ಮ ಮಡ್ಡಿಯ, ಅಂದರೆ ಕಲ್ಲು ನೆಲದ, ಮೂಲೆಯಲ್ಲೂ ಅಷ್ಟೇ ಮಾಡಿದೆ. ಅಂಚು ನನ್ನದು, ಒಳಗಿನದು ಮಳೆ ಮತ್ತು ಹಕ್ಕಿಗಳದ್ದು.

ಹೊರಗಿನವರು ಇದನ್ನು ಮೊದಲೇ ಮಾಡಿದ್ದಾರೆ. ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ ಹರ್ಮನ್ ದ ವ್ರೀಸ್ ಎಂಬ ಕಲಾವಿದರು 1997ರಲ್ಲಿ ಇಟ್ಟಿಗೆಯ ದುಂಡು ಗೋಡೆ ಕಟ್ಟಿದರು. ಬಾಗಿಲಿಲ್ಲ, ಇಣುಕಲು ಕಿಂಡಿಗಳಿವೆ. ಒಳಗೆ ಏನು ಹುಟ್ಟಿತೋ ಅದೇ ಕಲೆ. ಯೋಸೆಫ್ ಬಾಯ್ಸ್ ಎಂಬ ಇನ್ನೊಬ್ಬ ಕಲಾವಿದರು 1982ರಲ್ಲಿ ಅದೇ ದೇಶದ ಕಾಸೆಲ್ ಊರಿನಲ್ಲಿ 7000 ಗಿಡ ಹಚ್ಚಲು ಶುರು ಮಾಡಿ, ಗಿಡಕ್ಕೊಂದು ಬಸಾಲ್ಟ್ ಕಲ್ಲು ನಿಲ್ಲಿಸಿದರು. ಬಸಾಲ್ಟ್ ಅಂದರೆ ನಮ್ಮ ಕರಿಕಲ್ಲೇ. ನಮಗೆ ಅದು ಒಡ್ಡಿನ ಮೇಲೆ ಪುಕ್ಕಟೆ ಬಿದ್ದಿದೆ.

ಮೇ ತಿಂಗಳಲ್ಲಿ, ಮೃಗಶಿರ ಮಳೆಗೆ ಮೊದಲು ಶುರು ಮಾಡಿ. ಎರಿ (ಕಪ್ಪು ಮಣ್ಣಿನ) ಹೊಲ ಬೇಡ, ಕಲ್ಲು ಮಡ್ಡಿ ಸಾಕು. ಮನೆಯಿಂದ ದೂರ ಇರಲಿ, ಹಾವು ಬಂದೇ ಬರುತ್ತವೆ. ನಡುವೆ ಗೂಟ ಹೊಡೆದು 16 ಅಡಿ ಹಗ್ಗ ಕಟ್ಟಿ, ಸುತ್ತ ಸುಣ್ಣದ ಪುಡಿ ಬಿಡಿ. ಒಂದು ಗುಂಟೆಯೊಳಗೆ ಕೂಡುವ ವರ್ತುಲ ಇದು. ಸುತ್ತಳತೆ ಸುಮಾರು 100 ಅಡಿ, ಎರಡಡಿಗೊಂದರಂತೆ 50 ಕಲ್ಲು ಬೇಕು. ಅರ್ಧ ಅಡಿ ಹುಗಿದು ನಿಲ್ಲಿಸಿ. ಕುಂಕುಮ ಹಚ್ಚಿದ ಕಲ್ಲು, ವೀರಗಲ್ಲು ಮುಟ್ಟಬೇಡಿ. ಊರೇ ಎದುರು ನಿಲ್ಲುತ್ತದೆ, ನಿಲ್ಲಬೇಕಾದ್ದೇ.

ಇನ್ನು ಬಳ್ಳಾರಿ ಜಾಲಿ. ಇದನ್ನು ಬೆಳೆಯಲು ಬಿಟ್ಟರೆ ವರ್ತುಲದಲ್ಲಿ ಬೇರೇನೂ ಉಳಿಯುವುದಿಲ್ಲ. ಕಡಿದರೆ ಮತ್ತೆ ಚಿಗುರುತ್ತದೆ, ಹಾರೆ ಹಾಕಿ ಬುಡದ ಗಡ್ಡೆ ಸಮೇತ ಎಬ್ಬಿಸಬೇಕು. ಆದರೆ ಅವಸರದಲ್ಲಿ ಕರಿಜಾಲಿ ಕಿತ್ತೀರಿ, ಹುಷಾರು. ಕರಿಜಾಲಿಯ ಹೂ ಹಳದಿ, ಗುಂಡಗೆ ಗುಂಡಿಯಂತಿರುತ್ತದೆ. ಕಾಯಿ ಮಣಿ ಪೋಣಿಸಿದ ಹಾಗೆ, ಬೀಜ ಬೀಜದ ನಡುವೆ ಸಣಕಲು. ಬಳ್ಳಾರಿ ಜಾಲಿಯ ಹೂ ಉದ್ದನೆ ಜೋತುಬಿದ್ದಿರುತ್ತದೆ, ಕಾಯಿ ಹಳದಿ, ನೀಳ, ನಡುವೆ ಸಣಕಲಾಗುವುದಿಲ್ಲ. ಕಡಿದ ಟೊಂಗೆಗಳನ್ನೇ ಸುತ್ತ ಮುಳ್ಳುಬೇಲಿಗೆ ಬಳಸಿ. ಕಾಯಿ ಇದ್ದರೆ ಮೊದಲು ಕಿತ್ತು ಸುಟ್ಟುಬಿಡಿ. ಆಡು ತಿಂದರೆ ಹಿಕ್ಕೆಯಲ್ಲಿ ಬೀಜ ಊರೆಲ್ಲ ಹಂಚುತ್ತದೆ.

ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲೇ ಕೀಳಿ. ಕೈಗೆ ಗ್ಲೌಸ್ ಇರಲಿ, ಇಲ್ಲಾಂದ್ರೆ ತುರಿಕೆ ಗ್ಯಾರಂಟಿ.

ಬೀಜ ಬಿತ್ತಬೇಡಿ, ನೀರು ಹಾಕಬೇಡಿ. ನಡುವೆ ಒಂದು ಒಣ ಟೊಂಗೆ, ಆಳೆತ್ತರದ್ದು, ನೆಟ್ಟುಬಿಡಿ. ಬೇವಿನ ಹಣ್ಣು, ಬಾರಿ ಹಣ್ಣು ತಿಂದ ಹಕ್ಕಿ ಅದರ ಮೇಲೆ ಕೂರುತ್ತದೆ. ನಮ್ಮಲ್ಲಿ ಮೊದಲ ಬೇವಿನ ಸಸಿ ಆ ಟೊಂಗೆಯ ಬುಡದಲ್ಲೇ ಎದ್ದಿತು. ಅದಕ್ಕೂ ಮೊದಲು ಕರ್ಕಿ, ಉತ್ತರಾಣಿ, ಎಕ್ಕಿ ಬಂದಿದ್ದವು. ಚೆಂದ ಕಾಣಲ್ಲ ಅಂತ ಕೀಳಲು ಕೈ ತುರಿಸುತ್ತದೆ, ಸುಮ್ನಿರಿ.

ಪಕ್ಕದ ಹೊಲದ ಕಾಕಾ ಬಂದು "ನಿನ್ನ ಕಸ ನನ್ನ ಜೋಳಕ್ಕೆ ಬರ್ತದಲ್ಲೋ" ಅಂದರೆ ವಾದ ಬೇಡ, ಅವರ ಮಾತಿನಲ್ಲಿ ನ್ಯಾಯ ಇದೆ. ಕಲ್ಲಿನ ಹೊರಗೆ ಮೂರಡಿ ಪಟ್ಟಿ ಸವರಿ ಚೊಕ್ಕ ಇಡಿ. ಬೇಸಿಗೆಯಲ್ಲಿ ಬೆಂಕಿ ದಾಟದಂತೆ ತಡೆಯಲಿಕ್ಕೂ ಅದೇ ಪಟ್ಟಿ.

ಪ್ರತಿ ಅಮಾವಾಸ್ಯೆಗೆ ಒಂದೇ ಕಲ್ಲಿನ ಪಕ್ಕ ನಿಂತು ಒಂದು ಫೋಟೋ ತೆಗೆಯಿರಿ. ದಿನಾ ನೋಡುವ ಕಣ್ಣಿಗೆ ಬದಲಾವಣೆ ಕಾಣುವುದಿಲ್ಲ.

ಕೊನೆಗೆ ಬೋರ್ಡು. ತಗಡಿನ ಮೇಲೆ "ಇದು ಬಿಟ್ಟ ಜಾಗ, ಕಡಿಯಬೇಡಿ" ಅಂತ ಬರೆದು, ಕೆಳಗೆ ಮೊಬೈಲ್ ನಂಬರ್ ಹಾಕಿ. ಬಿಳಿ ಮೇಲೆ ಕಪ್ಪು ಎನಾಮೆಲ್ ಬಳಸಿ. ನಮ್ಮ ಬಿಸಿಲಿಗೆ ಕೆಂಪು ಬೇಗ ಮಾಸುತ್ತದೆ.