ಡ್ರೈಯರ್ ಕೆಟ್ಟಿದೆ ಎನ್ನುವ ಮೊದಲು ಗಾಳಿಯ ದಾರಿ ನೋಡಿ

ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡದ ತೀರ್ಥಹಳ್ಳಿ, ಶೃಂಗೇರಿ, ಮಡಿಕೇರಿ ಕಡೆಯ ಮನೆಗಳಲ್ಲಿ ಬಟ್ಟೆ ಒಗೆಯುವುದಕ್ಕಿಂತ ಒಣಗಿಸುವುದೇ ದೊಡ್ಡ ಕೆಲಸ. ಹಿಂದೆ ಬಚ್ಚಲ ಒಲೆಯ ಮೇಲೆ ಗಳ ಕಟ್ಟಿ ಹರವುತ್ತಿದ್ದೆವು. ಅಂಗಿ ಒಣಗುತ್ತಿತ್ತು, ಅದರ ಜೊತೆಗೆ ಹೊಗೆಯ ವಾಸನೆಯೂ ಶಾಲೆಯವರೆಗೆ ಬರುತ್ತಿತ್ತು. ಈಗ ಆ ಗಳದ ಜಾಗದಲ್ಲಿ ಡ್ರೈಯರ್ ಕುಳಿತಿದೆ. ವರ್ಷಕ್ಕೆ ನಾಲ್ಕು ತಿಂಗಳು ದುಡಿದು ಎಂಟು ತಿಂಗಳು ಮಲಗುವ ಯಂತ್ರವಾದ್ದರಿಂದ, ಅದರ ರಗಳೆಗಳೆಲ್ಲ ಮೊದಲ ಜೋರು ಮಳೆಯ ದಿನವೇ ಎದುರಾಗುತ್ತವೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ಸೆಮಿ ಆಟೊಮ್ಯಾಟಿಕ್ ವಾಷಿಂಗ್ ಮಷೀನಿನ ಎರಡನೆಯ ತೊಟ್ಟಿಯನ್ನೂ ನಮ್ಮಲ್ಲಿ ಡ್ರೈಯರ್ ಎಂದೇ ಕರೆಯುತ್ತಾರೆ. ಅದು ಬಟ್ಟೆಯನ್ನು ಗಿರ್ರನೆ ತಿರುಗಿಸಿ ನೀರು ಹಿಂಡುತ್ತದೆ, ಒಣಗಿಸುವುದಿಲ್ಲ. ಇಲ್ಲಿ ಹೇಳುತ್ತಿರುವುದು ಹೀಟರ್ ಇರುವ ಯಂತ್ರದ ಬಗ್ಗೆ. ಅದು ಮಾಡುವ ಕೆಲಸ ಇಷ್ಟೇ: ಹೀಟರ್ ಗಾಳಿಯನ್ನು ಬಿಸಿ ಮಾಡುತ್ತದೆ, ಡ್ರಮ್ ಬಟ್ಟೆಯನ್ನು ಹೊರಳಿಸುತ್ತದೆ, ಫ್ಯಾನ್ ತೇವದ ಗಾಳಿಯನ್ನು ಜಾಲರಿಯ ಮೂಲಕ ಎಳೆದು ಆಚೆ ದಬ್ಬುತ್ತದೆ. ‘ಬಿಸಿಯೇ ಆಗುತ್ತಿಲ್ಲ’ ಎಂದು ನಾವು ಬೈಯುವಾಗ ಹೆಚ್ಚಿನ ಸಲ ತಪ್ಪು ಹೀಟರಿನದಲ್ಲ, ಗಾಳಿ ಹೋಗುವ ದಾರಿಯದು.

ಒಣಗಿಸುವ ಕೆಲಸ ಶುರುವಾಗುವುದು ವಾಷಿಂಗ್ ಮಷೀನಿನಲ್ಲಿ

ಐದು ಕಿಲೋ ಹತ್ತಿ ಬಟ್ಟೆ ನಿಮಿಷಕ್ಕೆ 1,000 ಸುತ್ತಿನ ಸ್ಪಿನ್ ಮುಗಿಸಿ ಬಂದರೂ ಸುಮಾರು ಮೂರು ಲೀಟರ್ ನೀರನ್ನು ಹೊತ್ತಿರುತ್ತದೆ. ಒಂದು ಲೀಟರ್ ನೀರನ್ನು ಆವಿ ಮಾಡಲು 0.6 ಯೂನಿಟ್‌ಗಿಂತ ಹೆಚ್ಚು ವಿದ್ಯುತ್ತಿನಷ್ಟು ಶಾಖ ಬೇಕು. ಹೀಟರ್ ಅದೆಷ್ಟೇ ಒಳ್ಳೆಯದಿರಲಿ, ಆ ಮೂರು ಲೀಟರಿಗೆ ಎರಡು ಯೂನಿಟ್ ಕೊಡಲೇಬೇಕು, ಸೋರಿಹೋಗುವ ಶಾಖದ ಲೆಕ್ಕ ಬೇರೆ. ಸ್ಪಿನ್ ವೇಗವನ್ನು ಬಟ್ಟೆ ತಾಳುವಷ್ಟು ಏರಿಸಿದರೆ ನೀರು ಅಲ್ಲೇ ಅಗ್ಗದಲ್ಲಿ ಹೋಗುತ್ತದೆ. ತೊಟ್ಟಿಕ್ಕುವ ಬಟ್ಟೆಯನ್ನು ಡ್ರೈಯರಿಗೆ ತುರುಕಿ ಎರಡು ಗಂಟೆ ಕಾಯುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಲಿ.

ಒಗೆಯುವುದನ್ನೂ ಒಣಗಿಸುವುದನ್ನೂ ಒಂದೇ ಯಂತ್ರ ಮಾಡುವುದಾದರೆ ಇನ್ನೊಂದು ಎಚ್ಚರ: ಅದರಲ್ಲಿ ಒಗೆಯುವಷ್ಟು ಬಟ್ಟೆಯನ್ನು ಒಟ್ಟಿಗೆ ಒಣಗಿಸಲಾಗದು. ಒಣಗಿಸುವ ತೂಕವನ್ನು ಕೈಪಿಡಿಯಲ್ಲಿ ಬೇರೆಯಾಗಿಯೇ ಕೊಟ್ಟಿರುತ್ತಾರೆ.

ಜಾಲರಿ: ಪ್ರತಿ ಸಲ, ತಪ್ಪದೆ

ಬಟ್ಟೆ ಹೊರಳುವಾಗ ಉದುರುವ ಹಿಂಜಿದ ಹತ್ತಿಯಂಥ ಜುಂಗಿಗೆ ಕಂಪನಿಯವರು ಲಿಂಟ್ ಎನ್ನುತ್ತಾರೆ. ಪ್ರತಿ ಸಲ ಬಟ್ಟೆ ತೆಗೆದ ಕೂಡಲೇ ಜಾಲರಿಯನ್ನು ಎಳೆದು, ಜುಂಗನ್ನು ಬೆರಳಲ್ಲಿ ಉರುಟಿ ತೆಗೆಯಬೇಕು. ನಮ್ಮ ಮನೆಯಲ್ಲಿ ಅದನ್ನು ಡಬ್ಬಿಯಲ್ಲಿ ಕೂಡಿಟ್ಟು ಬಚ್ಚಲ ಒಲೆ ಹೊತ್ತಿಸಲು ಬಳಸುತ್ತೇವೆ. ಒಂದೇ ಕಡ್ಡಿಗೆ ಭಗ್ಗೆನ್ನುತ್ತದೆ. ಅದೇ ವಸ್ತು ಬಿಸಿ ಹೀಟರಿನ ಪಕ್ಕದಲ್ಲಿ ಕೂತಿರುತ್ತದೆ ಎಂಬುದನ್ನು ನೆನೆದರೆ ಸಾಕು, ಸೋಮಾರಿತನ ತಾನಾಗಿ ಬಿಡುತ್ತದೆ.

ತಿಂಗಳಿಗೊಮ್ಮೆ ಜಾಲರಿಯನ್ನು ನಲ್ಲಿಯ ಕೆಳಗೆ ಹಿಡಿಯಿರಿ. ನೀರು ಸರಾಗವಾಗಿ ಇಳಿದರೆ ಸರಿ. ಮೇಲೆಯೇ ನಿಂತರೆ, ಬಟ್ಟೆ ಮೃದುವಾಗಲೆಂದು ಹಾಕುವ ದ್ರವದ ಮೇಣದಂಥ ಪೊರೆ ಕಣ್ಣುಗಳನ್ನು ಮುಚ್ಚಿದೆ ಎಂದರ್ಥ. ನೋಡಿದರೆ ಜಾಲರಿ ಸ್ವಚ್ಛವಾಗಿಯೇ ಕಾಣುತ್ತದೆ, ಗಾಳಿ ಮಾತ್ರ ದಾಟುವುದಿಲ್ಲ. ಹಳೆಯ ಹಲ್ಲುಜ್ಜುವ ಬ್ರಷ್, ಸಾಬೂನು ಹಾಕಿ ಉಜ್ಜಿ, ಪೂರ್ತಿ ಒಣಗಿದ ಮೇಲೆ ಸೇರಿಸಿ.

ಇದೇ ಪೊರೆ ಡ್ರಮ್ಮಿನ ಒಳಗಿರುವ ಎರಡು ಲೋಹದ ಪಟ್ಟಿಗಳ ಮೇಲೂ ಕೂರುತ್ತದೆ. ಬಟ್ಟೆಯ ತೇವವನ್ನು ಅಳೆಯುವುದು ಆ ಪಟ್ಟಿಗಳು. ಬಟ್ಟೆ ಇನ್ನೂ ಹಸಿಯಿರುವಾಗಲೇ ಯಂತ್ರ ‘ಆಯಿತು’ ಎಂದು ನಿಂತರೆ, ವಿನೆಗರ್ ಅದ್ದಿದ ಬಟ್ಟೆಯಿಂದ ಅವುಗಳನ್ನು ಒರೆಸಿ ನೋಡಿ.

ಕೊಳವೆ ಇದೆಯೋ, ನೀರಿನ ತೊಟ್ಟಿ ಇದೆಯೋ?

ಹಿಂದೆ ದಪ್ಪ ಕೊಳವೆ ಇದ್ದರೆ ಅದು ತೇವದ ಗಾಳಿಯನ್ನು ಹೊರಗೆ ಬಿಡುವ ಜಾತಿ. ಕೊಳವೆ ಆದಷ್ಟು ಗಿಡ್ಡವಾಗಿ, ನೇರವಾಗಿ, ಗೋಡೆಯಾಚೆಗೇ ಹೋಗಬೇಕು. ಬಚ್ಚಲುಮನೆಯ ಬಾಗಿಲು ಮುಚ್ಚಿ ಅಲ್ಲೇ ಬಿಟ್ಟರೆ ಉಗುಳಿದ ತೇವವನ್ನೇ ಯಂತ್ರ ಮತ್ತೆ ಒಳಗೆಳೆಯುತ್ತದೆ, ಗೋಡೆಗೆ ಬೂಷ್ಟು ಬೇರೆ. ಮಳೆಗಾಲಕ್ಕೆ ಮೊದಲು ಕೊಳವೆಯನ್ನು ಬಿಚ್ಚಿ ಕೊಡವಿ. ಒಂದು ವರ್ಷ ನಮ್ಮದರಲ್ಲಿ ಕಡಜದ ಗೂಡಿತ್ತು, ಮರುವರ್ಷ ಹಲ್ಲಿಯ ಸಂಸಾರ. ಹುಳು ಬಾರದಿರಲೆಂದು ಹೊರಬಾಯಿಗೆ ಸೊಳ್ಳೆಪರದೆ ಬಿಗಿಯುವ ಬುದ್ಧಿವಂತಿಕೆ ಬೇಡ, ವಾರದೊಳಗೆ ಜುಂಗು ಅದನ್ನು ಗೋಡೆಯಂತೆ ಮುಚ್ಚುತ್ತದೆ. ಗಾಳಿ ಬಂದಾಗ ತೆರೆದು ಉಳಿದಾಗ ಮುಚ್ಚುವ ರೆಪ್ಪೆಯ ಮುಚ್ಚಳವೇ ಸರಿ.

ಕೊಳವೆಯಿಲ್ಲದೆ ನೀರಿನ ತೊಟ್ಟಿ ಇದ್ದರೆ ಅದು ತೇವದ ಗಾಳಿಯನ್ನು ಒಳಗೇ ತಣಿಸಿ ನೀರಾಗಿಸುವ ಕಂಡೆನ್ಸರ್ ಅಥವಾ ಹೀಟ್ ಪಂಪ್ ಜಾತಿ. ತೊಟ್ಟಿಯನ್ನು ಪ್ರತಿ ಸಲ ಬರಿದು ಮಾಡಿ. ಕಂಡೆನ್ಸರ್ ಹೊರಗೆ ಎಳೆಯುವಂತಿದ್ದರೆ ತಿಂಗಳಿಗೊಮ್ಮೆ ನಲ್ಲಿಯಡಿ ತೊಳೆದು ಒಣಗಿಸಿ. ಹೀಟ್ ಪಂಪಿನ ತಗಡಿನ ಎಲೆಗಳು ಬಹಳ ನಾಜೂಕು, ಮೆತ್ತನೆಯ ಬ್ರಷ್ ಸಾಕು.

ಕೆಟ್ಟಾಗ ಹುಡುಕುವ ಕ್ರಮ

ಯಂತ್ರ ಅಲುಗುವುದೇ ಇಲ್ಲವೇ? ಎಂಸಿಬಿ ಬಿದ್ದಿದೆಯೇ, ಬಾಗಿಲಿನ ಕೊಂಡಿ ಟಕ್ಕೆಂದು ಕೂತಿದೆಯೇ, ಮಕ್ಕಳ ಲಾಕ್ ಒತ್ತಿದೆಯೇ ನೋಡಿ. ಪ್ಲಗ್ ಕಂದಿದ್ದರೆ ಅಲ್ಲಿಗೆ ನಿಲ್ಲಿಸಿ. ಇದಕ್ಕೆ ಬೇಕಾದದ್ದು ಅರ್ತಿಂಗ್ ಇರುವ 16 ಆಂಪಿಯರ್ ಸಾಕೆಟ್. ಮೊಬೈಲ್ ಚಾರ್ಜರಿನ ಜೊತೆ ಎಕ್ಸ್‌ಟೆನ್ಷನ್ ಬಾಕ್ಸ್ ಹಂಚಿಕೊಳ್ಳುವ ಯಂತ್ರವಲ್ಲ ಇದು.

ಗುಂಯ್ ಎಂಬ ಸದ್ದಿದೆ, ಡ್ರಮ್ ತಿರುಗುತ್ತಿಲ್ಲ ಎಂದರೆ ಪ್ಲಗ್ ಕಿತ್ತು ಬಾಗಿಲು ತೆರೆದು ಕೈಯಿಂದ ಡ್ರಮ್ ತಿರುಗಿಸಿ. ಯಾವ ಬಿಗಿಯೂ ಇಲ್ಲದೆ ಸುಳಿದಾಡಿದರೆ ಬೆಲ್ಟ್ ತುಂಡಾಗಿರುವ ಸಾಧ್ಯತೆಯೇ ಹೆಚ್ಚು. ವರ್ಷದ ಮೊದಲ ದಿನ ಐದು ನಿಮಿಷ ದಡಬಡ ಎಂದು ಆಮೇಲೆ ಸುಮ್ಮನಾದರೆ ಗಾಬರಿ ಬೇಡ. ಒಂದೇ ಭಂಗಿಯಲ್ಲಿ ಮಲಗಿದ್ದ ಬೆಲ್ಟ್, ರೋಲರುಗಳು ಮೈಮುರಿಯುವ ಸದ್ದು ಅದು. ಬಿಡದೆ ಕಿರುಗುಟ್ಟಿದರೆ ರೋಲರ್ ಸವೆದಿದೆ.

ತಿರುಗುತ್ತದೆ, ಆದರೆ ಒಣಗುವುದಿಲ್ಲ ಎಂಬುದು ಎಲ್ಲಕ್ಕಿಂತ ಸಾಮಾನ್ಯ ದೂರು. ಜಾಲರಿ, ಕೊಳವೆ ಸರಿಯಿದ್ದೂ ಹೀಗಾದರೆ ಮಲೆನಾಡಿನಲ್ಲಿ ನೋಡಬೇಕಾದದ್ದು ವೋಲ್ಟೇಜ್. 230 ವೋಲ್ಟ್‌ನಲ್ಲಿ 2,000 ವ್ಯಾಟ್ ಶಾಖ ಕೊಡುವ ಹೀಟರ್, 180 ವೋಲ್ಟ್‌ನಲ್ಲಿ ಕೊಡುವುದು 1,225 ವ್ಯಾಟ್ ಮಾತ್ರ. ವೋಲ್ಟೇಜ್ ಐದರಲ್ಲೊಂದು ಪಾಲು ಇಳಿದರೆ ಶಾಖ ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲು ಇಳಿಯುತ್ತದೆ. ಪಂಪ್‌ಸೆಟ್ಟುಗಳು ನಿಂತ ಹೊತ್ತಿನಲ್ಲಿ ಅದೇ ಬಟ್ಟೆಯನ್ನು ಹಾಕಿ ನೋಡಿ. ಬೇಗ ಒಣಗಿದರೆ ಮೆಕ್ಯಾನಿಕ್‌ನ ಖರ್ಚು ಉಳಿಯಿತು.

ಶಾಖ ಒಂದಿಷ್ಟೂ ಇಲ್ಲದಿದ್ದರೆ ಮೆಕ್ಯಾನಿಕ್ ಬೇಕು: ಹೀಟರ್ ಹೋಗಿರಬೇಕು, ಇಲ್ಲವೇ ಥರ್ಮಲ್ ಫ್ಯೂಸ್ ಹಾರಿರಬೇಕು. ಈ ಫ್ಯೂಸ್ ವಿಪರೀತ ಬಿಸಿಗೆ ಒಮ್ಮೆ ಹಾರಿದರೆ ಮುಗಿಯಿತು, ಹೊಸದನ್ನೇ ಹಾಕಬೇಕು. ನಮ್ಮ ಮನೆಗೆ ಬಂದಿದ್ದ ಒಬ್ಬರು ಫ್ಯೂಸಿನ ಎರಡು ತುದಿಗೂ ತಂತಿ ಬೆಸೆದು, ‘ಇನ್ನು ಯಾವತ್ತೂ ಹಾರುವುದಿಲ್ಲ ನೋಡಿ’ ಎಂದು ಹೊರಟಿದ್ದರು. ಹಾರುವುದಿಲ್ಲ ನಿಜ, ಬೆಂಕಿಯನ್ನು ತಡೆಯುವುದೂ ಇಲ್ಲ. ಆ ತಂತಿಯನ್ನು ಅವರ ಕೈಯಲ್ಲೇ ತೆಗೆಸಿದೆವು. ಫ್ಯೂಸ್ ಹಾರಿದ ಕಾರಣ ಕೊಳವೆಯಲ್ಲಿ ಕಟ್ಟಿದ್ದ ಜುಂಗು. ಅದನ್ನು ತೆಗೆಯದೆ ಹೊಸ ಫ್ಯೂಸ್ ಹಾಕಿದ್ದರೆ ಅದೂ ಹೋಗುತ್ತಿತ್ತು.

ಸುಟ್ಟ ವಾಸನೆ ಬಂದರೆ ಯಾವ ಪರೀಕ್ಷೆಯನ್ನೂ ಮಾಡಬೇಡಿ. ಮೇನ್ ಸ್ವಿಚ್ ಆರಿಸಿ, ಬಾಗಿಲು ತೆರೆಯದೆ ಬಿಡಿ. ಒಳಗೆ ಕಿಡಿ ಇದ್ದರೆ ಹೊಸ ಗಾಳಿ ಅದನ್ನು ಎಬ್ಬಿಸುತ್ತದೆ.

ಎಣ್ಣೆಸ್ನಾನದ ಟವೆಲ್ ಬೇಡ

ಇದನ್ನು ಹೇಳುವವರು ಕಡಿಮೆ. ಅಭ್ಯಂಜನದ ಟವೆಲ್, ದೀಪ ಒರೆಸಿದ ಬಟ್ಟೆ, ಅಡುಗೆಮನೆಯ ಮಸಿಬಟ್ಟೆಗಳಲ್ಲಿ ಒಗೆದ ಮೇಲೂ ಎಣ್ಣೆ ಉಳಿದಿರುತ್ತದೆ. ಬಿಸಿಯಾದಾಗ ಆ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ತಾನೇ ಶಾಖ ಹುಟ್ಟಿಸುತ್ತದೆ. ರಾಶಿಯ ನಡುವೆ ಸಿಕ್ಕಿಕೊಂಡ ಆ ಶಾಖ ಬೆಂಕಿಯಾಗಬಲ್ಲದು, ಯಂತ್ರ ನಿಂತ ಎಷ್ಟೋ ಹೊತ್ತಿನ ಮೇಲೂ. ಇವನ್ನು ಹಗ್ಗದ ಮೇಲೆಯೇ ಹಾಕಿ. ಕೊನೆಯಲ್ಲಿ ಯಂತ್ರ ತಣ್ಣನೆಯ ಗಾಳಿಯಲ್ಲಿ ತಿರುಗುವ ಹತ್ತು ನಿಮಿಷ ಇರುವುದೂ ಬಟ್ಟೆಯ ಬಿಸಿ ಇಳಿಸಲಿಕ್ಕೆ. ಅವಸರ ಮಾಡಿ ನಡುವೆ ನಿಲ್ಲಿಸಿದರೆ ಬಟ್ಟೆಯನ್ನು ಕೂಡಲೇ ತೆಗೆದು ಹರಡಿ.

ಅಕ್ಟೋಬರ್‌ನಲ್ಲಿ ಬಿಸಿಲು ಬಂದ ಮೇಲೆ ಪ್ಲಗ್ ಕಿತ್ತು, ಒಳಗೆ ಒರೆಸಿ, ಬಾಗಿಲನ್ನು ಬೆರಳಗಲ ತೆರೆದಿಡಿ. ಇಲಿ ವೈರು ಕಡಿಯುವ ಮನೆಯಾದರೆ ತಿಂಗಳಿಗೊಮ್ಮೆ ಹಿಂದೆ ಟಾರ್ಚ್ ಹಾಕಿ ನೋಡಿ. ಕಡಜ ಬಾರದಂತೆ ಕೊಳವೆಯ ಹೊರಬಾಯಿಗೆ ಬಟ್ಟೆ ಕಟ್ಟಬಹುದು. ಕಟ್ಟಿದ ದಿನವೇ ಪ್ಲಗ್ಗಿಗೂ ಒಂದು ಚೀಟಿ ಕಟ್ಟಿ, ‘ಹೊರಗಿನ ಬಟ್ಟೆ ಬಿಚ್ಚಿದೆಯಾ?’ ಎಂದು ಬರೆದಿಡಿ. ನಾನು ಬರೆದಿಡದ ವರ್ಷ ಜೂನ್ ಮೊದಲ ದಿನವೇ ಯಂತ್ರ ಕೆಟ್ಟಿದೆ ಎಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದ್ದೆವು.