ಮುಖ ಕಾಣದ ಕ್ಲಾಸಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದ್ದು

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಪಿಡುಗು ಅಂತ ಘೋಷಿಸಿತು. ಕೆಲವೇ ದಿನಗಳಲ್ಲಿ ನನ್ನ ಪದವಿ ಕ್ಲಾಸು ಪೂರ್ತಿ ಆನ್‌ಲೈನ್ ಆಯಿತು. ನಾನು ಕಲಿಸುವುದು ಸಂಖ್ಯಾಶಾಸ್ತ್ರ. ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಾ ಹೇಳಿದರೇನೇ ಅದು ತಲೆಗೆ ಹತ್ತುವುದು, ಸ್ಲೈಡ್ ಓದುತ್ತಾ ಹೋದರೆ ಆಗಲ್ಲ ಅಂತ ಮೊದಲ ವಾರದಲ್ಲೇ ಗೊತ್ತಾಯಿತು.

ಮೇಜಿನ ಮೇಲೆ ದಪ್ಪ ಪುಸ್ತಕಗಳ ಎರಡು ರಾಶಿ ಇಟ್ಟು, ಅವುಗಳಿಗೆ ಅಡ್ಡಲಾಗಿ ಎರಡು ಸ್ಕೇಲ್ ಹಾಕಿ, ನಡುವಿನ ಸಂದಿಯಲ್ಲಿ ಕ್ಯಾಮೆರಾ ಕೆಳಗೆ ನೋಡುವಂತೆ ಮೊಬೈಲ್ ಮಲಗಿಸಿದೆ. ಕೆಳಗೆ ಬಿಳಿ ಹಾಳೆ, ದಪ್ಪ ತುದಿಯ ಪೆನ್ನು. ಲ್ಯಾಂಪು ಬಲಗಡೆ ಇದ್ದಾಗ ಬರೆದ ಅಕ್ಷರದ ಮೇಲೇ ಕೈಯ ನೆರಳು ಬೀಳುತ್ತಿತ್ತು, ಎಡಕ್ಕೆ ಸರಿಸಿದ ಮೇಲೆ ಸರಿಹೋಯಿತು. ಮೊಬೈಲನ್ನೂ ಮೀಟಿಂಗಿಗೆ ಸೇರಿಸುವಾಗ ಅದರ ಮೈಕು, ಸ್ಪೀಕರು ಎರಡನ್ನೂ ಆಫ್ ಮಾಡಲೇಬೇಕು, ಇಲ್ಲದಿದ್ದರೆ ಕಿವಿಗಡಚಿಕ್ಕುವ ಕೀರಲು ಸದ್ದು ಬರುತ್ತದೆ.

ಎಲ್ಲಕ್ಕಿಂತ ಜಾಸ್ತಿ ಕಷ್ಟವಾಗಿದ್ದು ಮೌನ. ಕ್ಲಾಸಿನಲ್ಲಾದರೆ ಯಾರೋ ಹುಬ್ಬು ಗಂಟಿಕ್ಕಿದ್ದು ಕಂಡರೆ ಸಾಕು, ಇನ್ನೊಂದು ಸಲ ಹೇಳುತ್ತೇವೆ ಅಲ್ವಾ? ಇಲ್ಲಿ "ಅರ್ಥ ಆಯ್ತಾ?" ಅಂದರೆ ಹೆಸರಿರುವ ಕಪ್ಪು ಚೌಕಗಳು ಸುಮ್ನೆ ಇರುತ್ತಿದ್ದವು. ಕ್ಯಾಮೆರಾ ಆನ್ ಮಾಡಿ ಅಂತ ಒತ್ತಾಯಿಸಲು ಮನಸ್ಸು ಬರಲಿಲ್ಲ. ಯಾರ ಮನೆಯಲ್ಲಿ ಎಷ್ಟು ಜಾಗ ಇದೆಯೋ, ಎಷ್ಟು ಡೇಟಾ ಉಳಿದಿದೆಯೋ.

"ಅರ್ಥ ಆಯ್ತಾ?" ಅನ್ನುವ ಪ್ರಶ್ನೆಯನ್ನೇ ಬಿಟ್ಟೆ. ಹತ್ತು ನಿಮಿಷಕ್ಕೊಂದು ಚಿಕ್ಕ ಲೆಕ್ಕ ಕೊಟ್ಟು, "ಉತ್ತರ ಚಾಟ್‌ನಲ್ಲಿ ಟೈಪ್ ಮಾಡಿಟ್ಟುಕೊಳ್ಳಿ, ನಾನು ಹೇಳೋ ತನಕ ಕಳಿಸಬೇಡಿ" ಅನ್ನುತ್ತಿದ್ದೆ. ಎರಡು ನಿಮಿಷ ಕಾದು "ಈಗ ಕಳಿಸಿ" ಅಂದರೆ ಎಲ್ಲರದೂ ಒಟ್ಟಿಗೇ ಬಂದು ಬೀಳುತ್ತಿತ್ತು, ಒಬ್ಬರದು ನೋಡಿ ಇನ್ನೊಬ್ಬರು ಬರೆಯಲು ಸಮಯವೇ ಇಲ್ಲ. ಒಂದು ದಿನ ಸ್ಟ್ಯಾಂಡರ್ಡ್ ಡಿವಿಯೇಷನ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) ಲೆಕ್ಕಕ್ಕೆ ಅರ್ಧಕ್ಕರ್ಧ ಜನ 16 ಅಂತ ಕಳಿಸಿದರು. ಸರಿ ಉತ್ತರ 4. ಅದರ ವರ್ಗವಾದ ವೇರಿಯನ್ಸ್‌ಗೇ ನಿಂತುಬಿಟ್ಟಿದ್ದರು, ವರ್ಗಮೂಲ ತೆಗೆದಿರಲಿಲ್ಲ. ಅಲ್ಲೇ ಹಿಂದಿನ ಹಾಳೆ ತೆಗೆದು, ಮೂಲ ಅಂಕಿಗಳು ಸೆಂಟಿಮೀಟರಿನಲ್ಲಿದ್ದರೆ ಈ 16 ಯಾವ ಅಳತೆಯಲ್ಲಿದೆ ಅಂತ ಕೇಳಿದೆ. ಚದರ ಸೆಂಟಿಮೀಟರಿನಲ್ಲಿ, ಅಂದರೆ ಮೂಲ ಅಳತೆಗೆ ಮರಳಲು ವರ್ಗಮೂಲ ಬೇಕೇ ಬೇಕು. ಅವತ್ತು ಮೊದಲ ಸಲ ಮೂರ್ನಾಲ್ಕು ಜನ ತಾವಾಗಿಯೇ ಮೈಕ್ ಆನ್ ಮಾಡಿ ಮಾತಾಡಿದರು. ನನಗೆ ಎಷ್ಟು ಖುಷಿಯಾಯಿತು ಅಂದರೆ ಆ ಹಾಳೆಯನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ನೆಟ್ ಕೈಕೊಡುವವರಿಗೆ ಒಂದು ಗಂಟೆಯ ರೆಕಾರ್ಡಿಂಗ್ ಉಪಯೋಗಕ್ಕೆ ಬರಲಿಲ್ಲ. ಒಂದೇ ವಿಷಯದ 6 ನಿಮಿಷದ ತುಣುಕುಗಳಾಗಿ ಮಾಡಿದೆ, ಜೊತೆಗೆ ಬರೆದ ಹಾಳೆಗಳ ಪಿಡಿಎಫ್. ಪರೀಕ್ಷೆಗೆ ಪುಸ್ತಕ ತೆರೆದಿಟ್ಟುಕೊಳ್ಳಲು ಬಿಟ್ಟೆ. ಆದರೆ ಅವರವರ ರೋಲ್ ನಂಬರಿನ ಕೊನೆಯ ಎರಡು ಅಂಕಿ ಲೆಕ್ಕದೊಳಗೇ ಸೇರಿರುತ್ತಿತ್ತು, ಹಾಗಾಗಿ ಉತ್ತರವೂ ಬೇರೆ ಬೇರೆ. ಕೊನೆಗೆ ಆ ಉತ್ತರ ಏನು ಹೇಳುತ್ತದೆ ಅಂತ ಎರಡು ಸಾಲು ಸ್ವಂತ ಮಾತಿನಲ್ಲಿ. ತಿದ್ದುವಾಗ ನಾನು ಮೊದಲು ಓದುತ್ತಿದ್ದುದು ಆ ಎರಡು ಸಾಲನ್ನೇ.